ಕೇಳಿದವರಿಗೆಲ್ಲ ವಿಳಾಸ

ಚಟ್ನಿ ಅರ್ಧ ಅರೆದಿತ್ತು. ಕಾಯಿ ನುಣ್ಣಗಾಗಿ, ಹುರಿಗಡಲೆ ಇನ್ನೂ ಬಾಯಿಗೆ ಸಿಗುವ ಹಾಗಿದ್ದಾಗ ಮಿಕ್ಸಿ ಗಕ್ಕನೆ ನಿಂತಿತು. ಕರೆಂಟು ಹೋಯಿತೆಂದು ಅಂಜನಾ ತಲೆಯೆತ್ತಿದರೆ ಫ್ಯಾನು ತಿರುಗುತ್ತಲೇ ಇತ್ತು. ಮಿಕ್ಸಿಯ ಪ್ಲಗ್ಗು ಮಾತ್ರ ಗಂಡ ಚಿದಾನಂದನ ಕೈಯಲ್ಲಿತ್ತು.

"ಎರಡೇ ನಿಮಿಷ ಕಣೇ. ನಮ್ಮ ಸರ್ವರಿಗೆ ಈ ದೊಡ್ಡ ಪಾಯಿಂಟೇ ಬೇಕು."

"ಚಟ್ನಿಗೂ ಅದೇ ಬೇಕು ರೀ."

"ಚಟ್ನಿ ಕಾಯುತ್ತೆ. ಪಿಳ್ಳಣ್ಣನೋರು ಕಾಯಲ್ಲ."

ಹೀಗೆಂದು ಅವನು ಅಡುಗೆಮನೆಯಿಂದ ಮುಂದಿನ ಹಾಲ್‌ವರೆಗೆ ಕೆಂಪು ವೈರೊಂದನ್ನು ಎಳೆದುಕೊಂಡು ಹೋದ. ಇನ್ನು ಆ ವೈರನ್ನು ದಾಟದೆ ಈ ಮನೆಯಲ್ಲಿ ಯಾರೂ ನೀರು ಕುಡಿಯುವಂತಿರಲಿಲ್ಲ. ಅಂಜನಾ ಮಿಕ್ಸಿ ಜಾರನ್ನು ಎದೆಗವಚಿಕೊಂಡು ಒಂದು ಕ್ಷಣ ನಿಂತಳು. ಹನ್ನೊಂದು ವರ್ಷದ ಸಂಸಾರದಲ್ಲಿ ಅವಳು ಕಲಿತ ವಿದ್ಯೆಯೆಂದರೆ, ಚಿದಾನಂದನ ಉತ್ಸಾಹವೂ ಹಾಲಿನಂತೆ ಉಕ್ಕಿ ಇಳಿಯುವವರೆಗೆ ಪಕ್ಕದಲ್ಲಿ ನಿಂತಿರಬೇಕು, ಅಷ್ಟೇ. ಅವಳು ಸ್ಟೂಲ್ ಎಳೆದುಕೊಂಡು ಫ್ರಿಜ್ಜಿನ ಪ್ಲಗ್ಗು ತೆಗೆದು ಮಿಕ್ಸಿ ಹಾಕಿ ಚಟ್ನಿ ಮುಗಿಸಿದಳು.

ಎಲ್ಲಕ್ಕೂ ಕಾರಣ ಹದಿನೈದು ದಿನದ ಹಿಂದೆ ಅವನ ಬಾಯಿಂದ ಜಾರಿದ ಒಂದು ಮಾತು. ಚಿದಾನಂದ ಜೆ.ಪಿ. ನಗರದ ಒಂದು ಪಂಪ್‌ಸೆಟ್ ಕಂಪನಿಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದ. ಮಾಲೀಕರು ಪಿಳ್ಳಣ್ಣ, ಓದಿದ್ದು ಏಳನೇ ಕ್ಲಾಸು, ಕಟ್ಟಿದ್ದು ಮೂರು ಫ್ಯಾಕ್ಟರಿ. ಅಂದು ಟೈ ಕಟ್ಟಿದ ಒಬ್ಬ ಹುಡುಗ ಬಂದು, ಕಂಪನಿಗೆ ಪ್ರೈವೇಟ್ ಕ್ಲೌಡ್, ಅಂದರೆ ಎಲ್ಲ ಕಂಪ್ಯೂಟರಿನ ಕೆಲಸ ಒಂದೆಡೆ ನಡೆಸುವ ಸ್ವಂತ ಸರ್ವರು, ಹಾಕಿಸಿಕೊಳ್ಳಿ ಎಂದು ಒಂದು ಗಂಟೆ ಇಂಗ್ಲಿಷಿನಲ್ಲಿ ಮಾತಾಡಿ ಹೋದ. ಅವನು ಹೋದ ಮೇಲೆ ಪಿಳ್ಳಣ್ಣ ಎಲ್ಲರ ಮುಖ ನೋಡಿ, "ಏನಂದ ಅಂತ ಯಾರಿಗಾದ್ರೂ ಅರ್ಥ ಆಯ್ತೇನ್ರಪ್ಪಾ?" ಎಂದರು. ಎಲ್ಲರೂ ಬಿಸ್ಕತ್ತಿನ ತಟ್ಟೆ ನೋಡಿದರು. ಚಿದಾನಂದ ಒಬ್ಬನೇ, "ಅದೇನ್ ಮಹಾ ಬಿಡಿ ಸಾರ್, ನಮ್ಮನೇಲೇ ಒಂದು ಇದೆ" ಎಂದುಬಿಟ್ಟ.

ಇರಲಿಲ್ಲ. ಆದರೆ ಆಡಿದ ಮಾತು ಪಿಳ್ಳಣ್ಣನವರ ಕಿವಿಗೆ ಬಿದ್ದಾಗಿತ್ತು.

"ಹೌದಾ? ಹಂಗಾದ್ರೆ ಬರೋ ಶನಿವಾರ ಬಿಟ್ಟು ಮುಂದಿನ ಶನಿವಾರ ಬನಶಂಕರಮ್ಮನ ದರ್ಶನ ಮಾಡ್ಕೊಂಡು ಹನ್ನೊಂದು ಗಂಟೆಗೆ ನಿಮ್ಮನೆಗೇ ಬತ್ತೀನಿ. ಅದು ಸರಿ ನಡೀತಿದ್ರೆ ಆಫೀಸ್ ಕಂಪ್ಯೂಟ್ರೆಲ್ಲಾ ನಿನ್ನ ಕೈಗೆ. ಇಲ್ಲಾಂದ್ರೂ ಬೇಜಾರಿಲ್ಲ, ನೆಲಮಂಗಲದಾಚೆ ಹೊಸ ಗೋಡೌನಿಗೆ ಒಬ್ಬ ನಂಬಿಕಸ್ಥ ಬೇಕಾಗವ್ನೆ."

ನೆಲಮಂಗಲದಾಚೆ ಎಂದರೆ ಬೆಳಗ್ಗೆ ಆರಕ್ಕೆ ಮನೆ ಬಿಡಬೇಕು, ರಾತ್ರಿ ಒಂಬತ್ತಕ್ಕೆ ಬರಬೇಕು. ಎಂಟು ವರ್ಷದ ಮಗಳು ಸಿರಿಯನ್ನು ಸ್ಕೂಟರಿನಲ್ಲಿ ಸ್ಕೂಲಿಗೆ ಬಿಡುವಂತಿಲ್ಲ. ದಾರಿಯಲ್ಲಿ ಸಾರಕ್ಕಿ ಕೆರೆ ಬೇಲಿಯ ಹತ್ತಿರ ನಿಲ್ಲಿಸಿ ಕೊಕ್ಕರೆ ಎಣಿಸುವಂತಿಲ್ಲ. ಲೇಟಾಗಿ ಹೋಗಿ ಇಬ್ಬರೂ ಒಟ್ಟಿಗೆ ಮಿಸ್ಸಿನ ಹತ್ತಿರ ಬೈಸಿಕೊಳ್ಳುವಂತಿಲ್ಲ. ವಿಷಯ ಕೇಳಿದ ದಿನ ಸಿರಿ ಅರ್ಧ ದೋಸೆ ಬಿಟ್ಟು ಎದ್ದಿದ್ದಳು. ಅಂಜನಾ ಮರುದಿನವೇ ಗಂಡನ ಕೈಗೆ ಕಾಫಿ ಕೊಟ್ಟು, "ಆ ಕ್ಲೌಡು ಅದೇನೋ, ಅದನ್ನ ತಂದು ಕೂರಿಸಿಬಿಡಿ" ಎಂದಿದ್ದಳು.

ಹಳೆ ಕಂಪ್ಯೂಟರ್ ಸಾಮಾನು ಮಾರುವ ಎಸ್.ಪಿ. ರೋಡಿನಿಂದ ಆಟೋದಲ್ಲಿ ಬಂದ ಆ ಹಳೆಯ ಸರ್ವರು ನೋಡಲು ಚಪ್ಪಟೆ, ಎರಡು ಮೊಳ ಉದ್ದ. ಶಬ್ದ ಮಾತ್ರ ಹಿಟ್ಟಿನ ಗಿರಣಿಯದು. ಅದನ್ನು ಟೀವಿ ಸ್ಟ್ಯಾಂಡಿನ ಮೇಲೆ ಮಲಗಿಸಿ, ಟೀವಿಯನ್ನು ದಿವಾನದ ಮೇಲೆ ಕೂರಿಸಿ, ದಿವಾನದಲ್ಲಿ ಮಲಗುತ್ತಿದ್ದ ಅಪ್ಪ ರೇವಣಸಿದ್ದಪ್ಪನವರನ್ನು ಸಿರಿಯ ಮಂಚಕ್ಕೂ, ಸಿರಿಯನ್ನು ತಮ್ಮಿಬ್ಬರ ಮಧ್ಯಕ್ಕೂ ಚಿದಾನಂದ ವರ್ಗಾಯಿಸಿದ್ದ. ರೇವಣಸಿದ್ದಪ್ಪನವರು ಗೊಣಗಲಿಲ್ಲ. ಅದಕ್ಕೆ ಮೂರು ಬೆರಳು ವಿಭೂತಿ ಹಚ್ಚಿ, ಒಂದು ಸೇವಂತಿಗೆ ಇಟ್ಟು ಕೈ ಮುಗಿದರು. ಹೂವು ಫ್ಯಾನಿನ ಗಾಳಿಗೆ ಹಾರಿ ಸೋಫಾದ ಕೆಳಗೆ ಬಿತ್ತು.

ಇಂದು ಬೆಳಗ್ಗೆ ಉಳಿದಿದ್ದದ್ದು ಒಂದೇ ಕೆಲಸ, ವರ್ಚುವಲ್ ನೆಟ್‌ವರ್ಕ್ ಜೋಡಿಸುವುದು.

"ಹಂಗಂದ್ರೇನೋ ಚಿದು?" ಎಂದು ರೇವಣಸಿದ್ದಪ್ಪನವರು ಪೂಜೆ ಮುಗಿಸಿ ಬಂದು ಕೇಳಿದರು.

"ನೋಡಪ್ಪಾ, ಇದು ಕಂಟ್ರೋಲರ್, ಯಜಮಾನ ಇದ್ದಹಾಗೆ. ಇದರ ಹೊಟ್ಟೆಯೊಳಗೆ ಸುಮಾರು ಕಂಪ್ಯೂಟರ್‌ಗಳಿವೆ."

"ಬಿಚ್ಚಿದಾಗ ಒಂದೇ ಇತ್ತಲ್ಲೋ."

"ಅವು ನಿಜವಾಗಿ ಇಲ್ಲ. ಇದ್ದಹಾಗೆ ನಡ್ಕೊಳ್ತವೆ. ಈಗ ಆ ಇಲ್ಲದ ಕಂಪ್ಯೂಟರ್‌ಗಳಿಗೆ ಒಂದು ಇಲ್ಲದ ಬೀದಿ ಮಾಡಿ, ಒಂದೊಂದಕ್ಕೂ ಡೋರ್ ನಂಬರ್ ಕೊಡಬೇಕು."

"ಅಂಜನಾಪುರದ ಆಚೆ ಬರೀ ಕಲ್ಲು ನೆಟ್ಟು ಲೇಔಟು ಅಂತಾರಲ್ಲ, ಹಂಗೆ."

"ಹಾಂ! ಅದೇ!" ಚಿದಾನಂದನಿಗೆ ತನ್ನ ವಿದ್ಯೆ ಅಪ್ಪನಿಗೂ ತಿಳಿಯಿತೆಂದು ಹಿಗ್ಗಾಯಿತು. ಅದೇ ಹಿಗ್ಗಿನಲ್ಲಿ ಪರದೆಯ ಮೇಲೆ ಬಂದ ಮುಂದಿನ ಪ್ರಶ್ನೆಯನ್ನು ಜೋರಾಗಿ ಕನ್ನಡ ಮಾಡಿ ಓದಿದ. "ವಿಳಾಸ ಯಾರಿಗೆ ಹಂಚಬೇಕು? ಒಳಗಿನೋರಿಗೆ ಮಾತ್ರವೋ, ಕೇಳಿದೋರಿಗೆಲ್ಲವೋ?"

ಇಲ್ಲಿ ರೇವಣಸಿದ್ದಪ್ಪನವರ ವಿಷಯ ಒಂದು ಮಾತು ಹೇಳಬೇಕು. ತುಮಕೂರು ಕಡೆಯ ತಮ್ಮ ಮಠದ ಜಾತ್ರೆಯಲ್ಲಿ ಮೂವತ್ತೆರಡು ವರ್ಷ ದಾಸೋಹದ ಪಂಕ್ತಿ ನೋಡಿಕೊಂಡವರು ಅವರು. ಯಾರೇ ಬಂದು ಕೂತರೂ ಊರು ಯಾವುದು, ಜಾತಿ ಯಾವುದು ಎಂದು ಕೇಳದೆ ಅನ್ನ ಹಾಕಿಸಿದ ಕೈ ಅದು. ಪ್ರಶ್ನೆ ಕಿವಿಗೆ ಬಿದ್ದದ್ದೇ ಅವರ ಬೆನ್ನು ನೆಟ್ಟಗಾಯಿತು.

"ಒಳಗಿನೋರಿಗೆ ಮಾತ್ರ ಅನ್ನೋ ಮಾತು ನಮ್ಮ ಮನೇಲಿ ಯಾವಾಗಿಂದ ಬಂತಯ್ಯಾ?"

"ಅಲ್ಲಪ್ಪಾ, ಇದರ ಜೊತೆ ಬಂದ ಪುಸ್ತಕದಲ್ಲಿ ಒಳಗಿನೋರಿಗೆ ಮಾತ್ರ ಅಂತ..."

"ಪುಸ್ತಕ ಬರೆದೋನ ಮನೇಲಿ ಹಂಗೆ ಇರಬೋದು. ಬಾಗಿಲಿಗೆ ಬಂದು ಕೇಳಿದೋರನ್ನ ಹಂಗೇ ಕಳಿಸೋದಾದ್ರೆ ಆ ಯಂತ್ರಕ್ಕೆ ನಾನ್ಯಾಕೆ ವಿಭೂತಿ ಹಚ್ಚಬೇಕಿತ್ತು? ಎಲ್ಲರಿಗೂ ಕೊಡು ಅನ್ನು."

ಚಿದಾನಂದ ಮನೆತನದ ಮರ್ಯಾದೆ ಬಿಡುವವನಲ್ಲ. 'ಕೇಳಿದವರಿಗೆಲ್ಲ' ಎಂಬುದರ ಮೇಲೆ ಒತ್ತಿದ.

ಏನಾಯಿತೆಂದು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಸಂಪಿಗೆ ಅಪಾರ್ಟ್‌ಮೆಂಟಿನ ಹನ್ನೆರಡು ಮನೆಗೂ ಸೇರಿ ಇಂಟರ್ನೆಟ್ಟಿನ ಲೈನು ಒಂದೇ. ಕೇಬಲ್ ನಂದಕುಮಾರ ಟೆರೇಸಿನಲ್ಲಿ ಒಂದು ಪೆಟ್ಟಿಗೆ ಕೂರಿಸಿ ಎಲ್ಲ ಮನೆಗೂ ವೈರು ಬಿಟ್ಟಿದ್ದ. ಪ್ರತಿ ಫೋನೂ ಬೆಳಗ್ಗೆ ಎದ್ದು 'ನನಗೊಂದು ನಂಬರ್ ಕೊಡಿ' ಎಂದು ಕೂಗಿದರೆ ಆ ಪೆಟ್ಟಿಗೆ ನಂಬರ್ ಕೊಟ್ಟು, ಹೊರಗಿನ ಲೋಕಕ್ಕೆ ದಾರಿ ತೋರಿಸುತ್ತಿತ್ತು. ಇಂದು ಫೋನುಗಳು ಎಂದಿನಂತೆ ಕೂಗಿದವು. ಟೆರೇಸಿನ ಪೆಟ್ಟಿಗೆ ಬಾಯಿ ತೆರೆಯುವ ಮೊದಲೇ, ಅದೇ ಲೈನಿಗೆ ಸಿಕ್ಕಿಸಿದ್ದ ಚಿದಾನಂದನ ಸರ್ವರು, 'ಬನ್ನಿ ಬನ್ನಿ, ನಾನು ಕೊಡ್ತೀನಿ' ಎಂದಿತು. ನಂಬರೇನೋ ಕೊಟ್ಟಿತು. ಆದರೆ ಅದು ಇಲ್ಲದ ಬೀದಿಯ ನಂಬರು, ಅಲ್ಲಿಂದ ಹೊರಗೆ ದಾರಿಯೇ ಇರಲಿಲ್ಲ.

ಚಿದಾನಂದನಿಗೆ ಕಂಡದ್ದು ಇಷ್ಟೇ: ಪರದೆಯ ಮೂಲೆಯಲ್ಲಿ ಮೂರು ಎಂದಿದ್ದದ್ದು ಏಳಾಯಿತು, ಏಳು ಹನ್ನೆರಡಾಯಿತು. ಪಕ್ಕದಲ್ಲಿ ಒಂದು ಪಟ್ಟಿಯೂ ಬೆಳೆಯುತ್ತಿತ್ತು. ತನ್ನ ಇಲ್ಲದ ಕಂಪ್ಯೂಟರ್‌ಗಳೇ ಹುಟ್ಟುತ್ತಿವೆ ಎಂದು ಅವನು ಎಣಿಕೆ ನೋಡಿದ, ಪಟ್ಟಿ ಓದಲಿಲ್ಲ.

"ಅಪ್ಪಾ, ಹನ್ನೆರಡು ಹುಟ್ಟಿದ್ವು!"

"ಶಿವಾ," ಎಂದರು ರೇವಣಸಿದ್ದಪ್ಪ.

ಪಟ್ಟಿ ಓದಿದವಳು ಸಿರಿ. ಹೊಸದಾಗಿ ಇಂಗ್ಲಿಷ್ ಓದಲು ಕಲಿತ ಮಕ್ಕಳು ಸೋಪಿನ ಕವರನ್ನೂ ಬಿಡುವುದಿಲ್ಲ. ಅವಳು ಪರದೆಗೆ ಮೂಗು ತಾಗಿಸಿ ಒಂದೊಂದೇ ಅಕ್ಷರ ಕೂಡಿಸಿ ಓದಿಕೊಂಡು ಅಡುಗೆಮನೆಗೆ ಓಡಿಬಂದಳು.

"ಅಮ್ಮಾ, ಒಂದು ಕೇಳ್ಲಾ?"

"ಆಮೇಲೆ ಪುಟ್ಟಾ. ರವೆ ಸೀದು ಹೋಗುತ್ತೆ."

ಸಿರಿ ತಾತನ ಹತ್ತಿರ ಹೋದಳು. "ತಾತಾ, ಒಂದು ಕೇಳ್ಲಾ?"

"ಅಪ್ಪನ್ನ ಕೇಳಮ್ಮಾ, ಈಗ ಅವನೇ ವಿದ್ವಾಂಸ."

"ಅಪ್ಪಾ, ಒಂದು..."

"ಹದಿನೇಳು! ಸಿರಿ, ಈಗ ಮಾತಾಡಿಸಬೇಡ ಬಂಗಾರ, ಎಣಿಕೆ ತಪ್ಪುತ್ತೆ."

ಅಷ್ಟರಲ್ಲಿ ಬಾಗಿಲು ಬಡಿಯಿತು. ಎರಡನೇ ಮಹಡಿಯ ಅನಂತರಾಮು, ನಿವೃತ್ತ ಮೇಷ್ಟ್ರು, ಅಸೋಸಿಯೇಷನ್ನಿನ ಅಧ್ಯಕ್ಷರು, ರೇಷ್ಮೆ ಶಲ್ಯ ಹೊದ್ದು ಕೈಯಲ್ಲಿ ಟ್ಯಾಬ್ ಹಿಡಿದು ನಿಂತಿದ್ದರು. ಶನಿವಾರ ಬೆಳಗ್ಗೆ ಆನ್‌ಲೈನಿನಲ್ಲಿ ನಲವತ್ತು ಜನಕ್ಕೆ ಗೀತೆಯ ಪಾಠ ಹೇಳುವುದು ಅವರ ನೇಮ.

"ಚಿದಾನಂದ್, ಅನ್ಯಾಯ ಕಣ್ರೀ! ಸ್ಥಿತಪ್ರಜ್ಞನ ಲಕ್ಷಣ ಹೇಳೋಕೆ ಅಂತ ಬಾಯಿ ತೆರೆದೆ, ನೆಟ್ಟು ಹೋಯ್ತು. ನಲವತ್ತು ಜನದ ಮುಂದೆ ತೆರೆದ ಬಾಯಿ ತೆರೆದ ಹಾಗೇ ನಿಂತಿದೀನಂತೆ. ನನ್ನ ನಾದಿನಿ ಫೋಟೋ ತೆಗೆದು ಗ್ರೂಪಿಗೆ ಹಾಕಿದಾಳೆ. ಮಲ್ಲೇಶ್ವರದಿಂದ ಒಬ್ಬರು ಫೋನ್ ಮಾಡಿ, 'ಸಾರ್, ಹಲ್ಲು ತೋರಿಸ್ಕೊಳ್ಳಿ' ಅಂದ್ರು!"

ಅವರ ಹಿಂದೆಯೇ ಎದುರು ಮನೆಯ ವನಿತಾ ಬಂದಳು. ಮನೆಯಿಂದಲೇ ಆಫೀಸಿನ ಕೆಲಸ ಮಾಡುವವಳು.

"ನಂದೂ ಹೋಗಿದೆ. 'ವನಿತಾ, ಈ ಕೆಲಸ ಯಾಕೆ ಇನ್ನೂ ಮುಗಿದಿಲ್ಲ' ಅಂತ ಬಾಸ್ ಕೇಳಿದ್ರು, ನಾನು ಮಾಯ." ಆಮೇಲೆ ದನಿ ತಗ್ಗಿಸಿ ಅಂಜನಾಳ ಕಿವಿಯಲ್ಲಿ, "ಗಡಿಬಿಡಿ ಏನಿಲ್ಲ ಕಣೇ, ಮಧ್ಯಾಹ್ನದ ಹೊತ್ತಿಗೆ ಬಂದ್ರೂ ಪರವಾಗಿಲ್ಲ" ಎಂದಳು.

ಕಟ್ಟಡದಲ್ಲಿ ಕಂಪ್ಯೂಟರ್ ಬಲ್ಲವನೆಂದು ಹೆಸರಾದವನು ಚಿದಾನಂದ ಒಬ್ಬನೇ. ಹಿಂದೊಮ್ಮೆ ಅನಂತರಾಮು ಅವರ ಟೀವಿ ಆನ್ ಆಗದಿದ್ದಾಗ ರಿಮೋಟಿಗೆ ಹೊಸ ಸೆಲ್ ಹಾಕಿ ಅವನು ಆ ಕೀರ್ತಿ ಗಳಿಸಿದ್ದ. ಈಗ ಅವನು ಕಣ್ಣು ಕಿರಿದು ಮಾಡಿ, ಕೈ ಹಿಂದೆ ಕಟ್ಟಿಕೊಂಡು, ಒಂದು ಸುತ್ತು ತಿರುಗಿದ.

"ನನ್ನ ಅಂದಾಜು ಹೇಳ್ಲಾ ಸಾರ್? ಸಮುದ್ರದ ತಳದಲ್ಲಿ ಕೇಬಲ್ ಹೋಗಿರುತ್ತಲ್ಲ. ಅದನ್ನ ಯಾವುದೋ ದೊಡ್ಡ ಮೀನು ಕಚ್ಚಿದೆ."

"ಕೆಳಗಿನ ಅಂಗಡೀಲಿ ನೆಟ್ಟು ಬರ್ತಿದೆಯಲ್ರೀ," ಎಂದರು ಅನಂತರಾಮು.

"ಹಾಗಾದ್ರೆ ನಂದಕುಮಾರ," ಎಂದು ಚಿದಾನಂದ ಸಮುದ್ರದಿಂದ ನೇರ ಟೆರೇಸಿಗೆ ಬಂದ. ಫೋನ್ ತೆಗೆದು, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿ ಗುಡುಗಿದ. "ಏನಪ್ಪಾ ನಂದಕುಮಾರ, ಹನ್ನೆರಡು ಮನೆ ಜನ ಕತ್ತಲಲ್ಲಿದಾರೆ, ನಿನಗೆ ಊಟ ಹೇಗಪ್ಪಾ ಸೇರುತ್ತೆ? ನನ್ನ ಬಾಸು ಹನ್ನೊಂದಕ್ಕೆ ಬರ್ತಿದಾರೆ. ಹತ್ತು ನಿಮಿಷದಲ್ಲಿ ನೀನು ಇಲ್ಲಿರಬೇಕು!"

ನಂದಕುಮಾರ ಬಂದ. ಟೆರೇಸು ಹತ್ತಿದ, ಪೆಟ್ಟಿಗೆ ಆರಿಸಿ ಹಚ್ಚಿದ, ಇಳಿದು ಬಂದು ಚಿದಾನಂದನ ಹೊಸಿಲ ಹೊರಗೇ ನಿಂತು ತಲೆ ಕೆರೆದುಕೊಂಡ.

"ಸಾರ್, ನನ್ನ ಲೈನು ಪಕ್ಕಾ ಇದೆ. ಈ ಬಿಲ್ಡಿಂಗಲ್ಲಿ ಯಾರೋ ನನಗಿಂತ ಮುಂಚೆ ನಂಬರ್ ಹಂಚ್ತಾವ್ರೆ. ಯಾರ ಮನೇಲೋ ಏನೋ ಒಂದು ಡಬ್ಬ ಇಟ್ಟವ್ರೆ ಸಾರ್. ಅದು ಸಿಗೋವರ್ಗೂ ನಾನೇನೂ ಮಾಡಂಗಿಲ್ಲ."

"ನಮ್ಮ ಬಿಲ್ಡಿಂಗಲ್ಲಾ? ಕಳ್ಳತನವಾ?" ಎಂದರು ಅನಂತರಾಮು.

"ಹುಡುಕೋಣ!" ಎಂದು ಚಿದಾನಂದ ಮುಷ್ಟಿ ಎತ್ತಿದ. ಅವನ ಬೆನ್ನ ಹಿಂದೆ ಟೀವಿ ಸ್ಟ್ಯಾಂಡಿನ ಮೇಲೆ ಸರ್ವರು ವಿಭೂತಿ ಧರಿಸಿ ಗುಂಯ್ಗುಡುತ್ತಿತ್ತು. ಆ ಸದ್ದಿಗೆ ನಂದಕುಮಾರ ಒಳಗೆ ಇಣುಕಿದ. "ಏನ್ ಸಾರ್ ಅದು, ಹಿಟ್ಟು ಬೀಸೋ ಮಷೀನಾ?"

"ಅದು ನನ್ನ ಆಫೀಸಿಂದು. ಅದರ ಸುದ್ದಿ ನಿನಗೆ ಬೇಡ."

"ಸಾರಿ ಸಾರ್."

ಹೀಗೆ ಅನಂತರಾಮು ಅಧ್ಯಕ್ಷತೆಯಲ್ಲಿ, ಚಿದಾನಂದನ ನೇತೃತ್ವದಲ್ಲಿ ಶೋಧನೆ ಹೊರಟಿತು. ಮನೆ ಮನೆಗೂ ನುಗ್ಗಿ ದೀಪ ಮಿನುಗುವ ವಸ್ತುವನ್ನೆಲ್ಲ ವಶಪಡಿಸಿಕೊಂಡರು. ವನಿತಾಳ ನೆಲ ಗುಡಿಸುವ ಗುಂಡು ಯಂತ್ರ ಮಂಚದ ಕೆಳಗೆ ಓಡಿಹೋಗಿ ಅಡಗಿದ್ದರಿಂದ ಅದರ ಮೇಲೆ ಅನುಮಾನ ಬಲವಾಯಿತು. ಚಿದಾನಂದನೇ ಬಗ್ಗಿ ಅದರ ಕಾಲು ಹಿಡಿದು ಎಳೆದ. ಅದಕ್ಕೆ ಕಾಲಿರಲಿಲ್ಲ, ಬ್ರಷ್ಷಿತ್ತು. ಬ್ರಷ್ಷು ಕೈಗೆ ಬಂತು. ಅನಂತರಾಮು ತಮ್ಮ ಮನೆಯ ಬಿ.ಪಿ. ನೋಡುವ ಯಂತ್ರವನ್ನು, ನ್ಯಾಯ ಎಲ್ಲರಿಗೂ ಒಂದೇ ಎಂದು, ತಾವೇ ತಂದು ಒಪ್ಪಿಸಿದರು. ಸೊಳ್ಳೆ ಓಡಿಸುವ ಒಂದು ಗುಡ್‌ನೈಟ್ ಮಷೀನು, ಎರಡು ಅಲಾರಂ ಗಡಿಯಾರ, ಭಜನೆ ಹಾಡುವ ಒಂದು ಪುಟ್ಟ ಪೆಟ್ಟಿಗೆ, ಎಲ್ಲವೂ ಚಿದಾನಂದನ ಹಾಲಿನ ಜಮಖಾನೆಯ ಮೇಲೆ ಸಾಲಾಗಿ ಕೂತವು. ಬಿ.ಪಿ. ಯಂತ್ರಕ್ಕೆ ಯಾರೋ ಕಾಲು ತಾಗಿಸಿದ್ದರಿಂದ ಅದು ಗಾಳಿ ತುಂಬಿಕೊಂಡು ನಿಟ್ಟುಸಿರು ಬಿಡುತ್ತಿತ್ತು.

ಅಂಜನಾ ಕೆಂಪು ವೈರು ದಾಟಿ ದಾಟಿ ಬಂದವರಿಗೆಲ್ಲ ಉಪ್ಪಿಟ್ಟು ಕೊಡುತ್ತಿದ್ದಳು. ಸಿರಿ ಅವಳ ಸೆರಗಿನ ತುದಿ ಬಿಟ್ಟಿರಲಿಲ್ಲ.

"ಅಮ್ಮಾ, ಒಂದೇ ಒಂದು ಕೇಳ್ತೀನಿ."

"ಕೇಳುವೆಯಂತೆ, ಮೊದಲು ಈ ತಟ್ಟೆ ತಾತನಿಗೆ ಕೊಟ್ಟು ಬಾ."

ಅವಳು ಕೊಟ್ಟು ಬರುವಷ್ಟರಲ್ಲಿ ಇನ್ನೊಂದು ತಟ್ಟೆ ಸಿದ್ಧವಿರುತ್ತಿತ್ತು.

ಹತ್ತೂ ಮುಕ್ಕಾಲಿಗೇ ಪಿಳ್ಳಣ್ಣ ಬಂದುಬಿಟ್ಟರು. ಹಣೆಯಲ್ಲಿ ಕುಂಕುಮ, ಕೈಯಲ್ಲಿ ಪ್ರಸಾದದ ಕವರು. ಬಾಗಿಲಲ್ಲಿ ಇಪ್ಪತ್ತು ಜೊತೆ ಚಪ್ಪಲಿ ನೋಡಿ ಅವರು ಚಿದಾನಂದನ ಮನೆಯಲ್ಲಿ ಏನಾದರೂ ಕೆಟ್ಟದ್ದಾಯಿತೇ ಎಂದು ಗಾಬರಿಯಾದರು. ಒಳಗೆ ಎಲ್ಲರೂ ಉಪ್ಪಿಟ್ಟು ತಿನ್ನುತ್ತಿದ್ದುದನ್ನು ಕಂಡು ಸಮಾಧಾನವಾಯಿತು.

"ಏನಯ್ಯಾ ಇದು, ಇಷ್ಟು ಜನ?"

"ಎಲ್ಲಾ ನಮ್ಮ ಬಿಲ್ಡಿಂಗಿನೋರೇ ಸಾರ್. ಸ್ವಲ್ಪ ತೊಂದರೆ ಇತ್ತು, ನನ್ನ ಹತ್ತಿರ ಬಂದಿದಾರೆ."

"ನಾವು ಬೇರೆ ಯಾರನ್ನೂ ನಂಬಲ್ಲ ನೋಡಿ ಸಾರ್, ಚಿದಾನಂದ್ ಅವರನ್ನೇ ನಂಬೋದು," ಎಂದರು ಅನಂತರಾಮು, ಹೆಮ್ಮೆಯಿಂದ.

ಪಿಳ್ಳಣ್ಣ ಜಮಖಾನೆಯ ಮೇಲಿನ ಸಾಲನ್ನು ನೋಡುತ್ತಾ ನಡೆದರು. ಬ್ರಷ್ಷಿಲ್ಲದ ಗುಂಡು ಯಂತ್ರ, ನಿಟ್ಟುಸಿರಿಡುವ ಬಿ.ಪಿ. ಮಷೀನು. "ಇವೆಲ್ಲಾ ಕ್ಲೌಡಿಗೆ ಸೇರಿದ್ದಾ?"

"ವಿಚಾರಣೆಯಲ್ಲಿವೆ ಸಾರ್," ಎಂದ ಚಿದಾನಂದ. ಪಿಳ್ಳಣ್ಣನವರಿಗೆ ಆ ಮಾತು ಬಲು ಗಂಭೀರವಾಗಿ ಕೇಳಿಸಿತು. ಅವರು ತಲೆದೂಗಿ ಸರ್ವರಿನ ಮುಂದೆ ಕುರ್ಚಿ ಎಳೆದುಕೊಂಡು ಕೂತರು.

"ಇದರ ಕೆಲಸ ಏನು, ನನಗೆ ತಿಳಿಯೋ ಹಂಗೆ ಹೇಳು."

"ಬಂದು ಕೇಳಿದೋರಿಗೆಲ್ಲ ವಿಳಾಸ ಕೊಡುತ್ತೆ ಸಾರ್. ಬೆಳಗ್ಗೆ ಶುರು ಮಾಡಿದ್ದು. ಈಗ ನೋಡಿ, ಮೂವತ್ತೇಳು."

"ಒಂದೇ ಬೆಳಗ್ಗೇಲಿ ಮೂವತ್ತೇಳಾ! ನನ್ನ ಮೊದಲನೇ ವರ್ಷ ಪೂರ್ತಿ ಮಾರಿದ್ದು ಹದಿನಾಲ್ಕು ಪಂಪು ಕಣಯ್ಯಾ." ಪಿಳ್ಳಣ್ಣನವರ ಕಣ್ಣು ಅರಳಿತು. "ಯಾರ್ಯಾರಿವರು? ಹೆಸರು ಬತ್ತದಾ?"

"ಬರುತ್ತೆ ಸಾರ್," ಎಂದು ಚಿದಾನಂದ ಪಟ್ಟಿಯನ್ನು ದೊಡ್ಡದು ಮಾಡಿ, ಓದದೆ, ಜಾದೂಗಾರನ ಹಾಗೆ ಪಕ್ಕಕ್ಕೆ ಸರಿದು ನಿಂತ.

ಪಿಳ್ಳಣ್ಣನವರಿಗೆ ಕನ್ನಡಕ ಕಾರಿನಲ್ಲಿ ಬಿಟ್ಟು ಬಂದ ನೆನಪಾಯಿತು. ಅನಂತರಾಮು ಗುಂಪಿನ ಹಿಂದೆ ಉಪ್ಪಿಟ್ಟಿಗೆ ನಿಂಬೆಹಣ್ಣು ಕೇಳುತ್ತಿದ್ದರು. ವನಿತಾ ತನ್ನ ಗುಂಡು ಯಂತ್ರಕ್ಕೆ ಬ್ರಷ್ಷು ಸಿಕ್ಕಿಸುತ್ತಿದ್ದಳು. ನಂದಕುಮಾರ ಹೊಸಿಲಿನಲ್ಲೇ ಕೂತು ಎರಡನೇ ಸಲ ಹಾಕಿಸಿಕೊಂಡ ಉಪ್ಪಿಟ್ಟು ತಿನ್ನುತ್ತಿದ್ದ. ಕಾಫಿ ಲೋಟ ಕೊಡಲು ಬಗ್ಗಿದ ಅಂಜನಾಳ ಕಣ್ಣಿಗೆ ಮಾತ್ರ ಪಟ್ಟಿ ನೆಟ್ಟಗೆ ಬಿತ್ತು. ಮೊದಲ ಸಾಲಿನಲ್ಲಿ ಅನಂತರಾಮು ಅವರ ಟ್ಯಾಬ್. ಅದರ ಕೆಳಗೆ ವನಿತಾಳ ಆಫೀಸ್ ಲ್ಯಾಪ್‌ಟಾಪ್. ಅದರ ಕೆಳಗೆ ವನಿತಾಳದೇ ಗುಂಡು ಯಂತ್ರ. ಕೊಟ್ಟಕೊನೆಯ ಸಾಲಿನಲ್ಲಿ, ಈಗಷ್ಟೇ ಬಂದದ್ದು, ನಂದಕುಮಾರನ ಫೋನು.

ಅಂಜನಾ ಲೋಟವನ್ನು ಪಿಳ್ಳಣ್ಣನವರ ಕೈಗಿಟ್ಟಳು. ಬೆಳಗ್ಗೆಯಿಂದ ಸಿರಿ ಕೇಳಬೇಕೆಂದಿದ್ದದ್ದು ಏನೆಂದು ಅವಳಿಗೆ ತಿಳಿದುಹೋಯಿತು.

ಪಿಳ್ಳಣ್ಣ ಕಾಫಿ ಕುಡಿದು ಮೀಸೆ ಒರೆಸಿಕೊಂಡರು. "ಚಿದಾನಂದ, ನನಗೆ ಕಂಪ್ಯೂಟ್ರು ಗೊತ್ತಿಲ್ಲ, ಜನ ಗೊತ್ತು. ಒಬ್ಬನ ಮನೆ ಬಾಗಿಲಿಗೆ ಇಷ್ಟು ಜನ ಬತ್ತಾರೆ ಅಂದ್ರೆ ಅವನಲ್ಲಿ ಏನೋ ಇದೆ. ನೆಲಮಂಗಲಕ್ಕೆ ಬೇರೆ ಯಾರನ್ನಾದ್ರೂ ನೋಡಾನ."

ಚಿದಾನಂದನ ಮುಖ ದೀಪಾವಳಿಯಾಯಿತು. ರೇವಣಸಿದ್ದಪ್ಪನವರು ಮೇಲೆ ನೋಡಿ ಕೈ ಮುಗಿದರು. ಅನಂತರಾಮು ಚಪ್ಪಾಳೆ ತಟ್ಟಿದರು. ಯಾಕೆಂದು ಗೊತ್ತಿಲ್ಲದೆ ನಂದಕುಮಾರನೂ ತಟ್ಟಿದ.

"ಇರಿ ಇರಿ," ಎಂದರು ಪಿಳ್ಳಣ್ಣ. ಮೂರು ಫ್ಯಾಕ್ಟರಿ ಕಟ್ಟಿದ ಮನುಷ್ಯ ಯಾವ ತೀರ್ಮಾನವನ್ನೂ ಈ ಒಂದು ಮಾತು ಕೇಳದೆ ಮುಗಿಸಿದವರಲ್ಲ. "ಯಾರಿಗಾದ್ರೂ ಏನಾದ್ರೂ ಕೇಳೋದಿದ್ರೆ ಈಗ್ಲೇ ಕೇಳ್ಬಿಡಿ. ಆಮೇಲೆ ಕೇಳಂಗಿಲ್ಲ."

ಬಿ.ಪಿ. ಯಂತ್ರ ಇನ್ನೊಂದು ನಿಟ್ಟುಸಿರು ಬಿಟ್ಟಿತು. ಸ್ಕೂಲಿನಲ್ಲಿ ಕಲಿಸಿದ ಹಾಗೆ, ಮೊಣಕೈ ಮಡಚದೆ, ಸಿರಿಯ ಕೈ ಮೇಲೆದ್ದಿತು. ಅವಳು ಅಪ್ಪನನ್ನು ನೋಡಲಿಲ್ಲ, ಅಮ್ಮನನ್ನು ನೋಡಿದಳು.

ಅಂಜನಾಳ ಬಾಯಿಗೆ 'ಆಮೇಲೆ ಪುಟ್ಟಾ' ಎಂಬ ಮಾತು ಬಂದೇ ಬಂದಿತ್ತು. ಬೆಳಗಿನಿಂದ ಹತ್ತು ಸಲ ಹೇಳಿದ್ದನ್ನು ಹನ್ನೊಂದನೇ ಸಲ ಹೇಳಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅವಳು ಖಾಲಿ ಲೋಟ ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಮಗಳ ಪಕ್ಕ ಮಂಡಿಯೂರಿ ಕೂತಳು. ಒಂದು ಕೈ ಅವಳ ಬೆನ್ನಿನ ಮೇಲಿಟ್ಟಳು.

"ಕೇಳು ಪುಟ್ಟಾ."

"ಅಪ್ಪಾ," ಎಂದಳು ಸಿರಿ, ಎಲ್ಲರಿಗೂ ಕೇಳುವಂತೆ, "ಆ ಪಟ್ಟೀಲಿರೋರೆಲ್ಲಾ ಇಲ್ಲೇ ಇದಾರಲ್ಲಾ? ಇವ್ರಿಗೆಲ್ಲಾ ನಮ್ಮ ಸರ್ವರ್ರೇ ನಂಬರ್ ಕೊಟ್ಟು, ತಾತನ ಪಂಕ್ತಿ ಹಾಗೆ ಎಲೆ ಹಾಕಿ ಸಾಲಾಗಿ ಕೂರಿಸ್ಬಿಟ್ಟು, ನಾವು ನೆಟ್ಟು ಬಡಿಸೋದನ್ನೇ ಮರ್ತ್ಬಿಟ್ವಾ?"